ಅಳಿಯದ ನಾಳೆ

ಅಕ್ಷರ ಪೂರ್ತಿ ಹೋಗಿರಲಿಲ್ಲ. ಬೇರೆಯವರಿಗೂ ಕಾಣುತ್ತಿದೆಯೋ, ತನ್ನ ಕಣ್ಣಿಗಷ್ಟೇ ಹೀಗೋ ಎಂದು ಪುರಸಭೆಯ ಹಂಗಾಮಿ ಇಂಜಿನಿಯರ್ ನೀಲಾಂಬಿಕಾ ಮತ್ತೊಮ್ಮೆ ಕತ್ತೆತ್ತಿ ನೋಡಿದಳು. ಕಲ್ಮರಡಿ ಪಟ್ಟಣದ ನೀರಿನ ಟಾಕಿಯ ಮುಂದೆ ನಿಲ್ಲಿಸಿದ ಹೊಸ ಬೆಳಕಿನ ಫಲಕದ ಮೇಲೆ 'ನಾಳೆ ನೀರು: ಕುಂಬಾರ ಓಣಿ' ಎಂಬ ಸಾಲು ಆಗಷ್ಟೇ ಹೊಳೆದಿತ್ತು. ಅದರ ಬೆನ್ನಿಗೇ ನಿನ್ನೆಯ 'ನಾಳೆ ನೀರು: ಪೇಟೆ ಓಣಿ', ಹಾಲು ಕುಡಿದಿಟ್ಟ ಲೋಟದ ಬಿಳುಪಿನಷ್ಟು ತೆಳುವಾಗಿ ಉಳಿದುಕೊಂಡಿತ್ತು. ಇದು ನನ್ನದೇ ತಪ್ಪು ಎಂದು ಅವಳು ಒಪ್ಪಿಕೊಂಡಳು. ಮನಸ್ಸಿನಲ್ಲೇ. ಅಂಗಡಿಯವನು ಸಕ್ಕರೆಯ ಬದಲು ರವೆ ಕಟ್ಟಿಕೊಟ್ಟರೆ ಸುಮ್ಮನೆ ತಂದು ಉಪ್ಪಿಟ್ಟು ಮಾಡಿಕೊಳ್ಳುವ ಹುಡುಗಿ ಅವಳು.

"ಏನ್ ತಂಗಿ, ಇಷ್ಟು ದೊಡ್ಡ ಬೋರ್ಡಿಗೆ ಕರೆಂಟಿನ ವೈರೇ ಇಲ್ಲಲ್ಲ?" ಎದುರಿನ ಖಾನಾವಳಿಯ ಕಾಶವ್ವ ಕೈಯ ಹಿಟ್ಟು ಕೊಡವುತ್ತ ಬಂದಳು.

"ಮ್ಯಾಲೆ ರೊಟ್ಟಿಯಷ್ಟು ಸೋಲಾರ್ ಐತಲ್ರಿ ಅಕ್ಕಾ. ಅಷ್ಟ ಸಾಕು."

ಅಷ್ಟೇ ಸಾಕಾಗುವಂತೆ ಮಾಡಿದ್ದು ನೀಲಾಂಬಿಕಾಳೇ. ಇಂಥ ಫಲಕಗಳ ಮಿದುಳು ಒಂದು ವೋಲ್ಟಿಗಿಂತ ಕಡಿಮೆಯಲ್ಲಿ ಪಿಸುಗುಡುತ್ತದೆ. ಬೆಳಕಿನ ಚುಕ್ಕಿಗಳಾದರೋ ಇಪ್ಪತ್ತು ವೋಲ್ಟಿನ ಕೂಗಿಲ್ಲದೆ ಏಳುವುದಿಲ್ಲ. ನಡುವೆ ನಿಂತು ಪಿಸುಮಾತನ್ನು ಕೂಗಾಗಿಸುವ ವಿದ್ಯುತ್ ಮಂಡಲಕ್ಕೆ ಮಟ್ಟವರ್ಧಕ ಎಂದು ಹೆಸರು. ಹಳೆಯ ಮಟ್ಟವರ್ಧಕಗಳಲ್ಲಿ ಚುಕ್ಕಿ ಬದಲಾದಾಗಲೆಲ್ಲ ತುಂಬುವ ದಾರಿ, ಬರಿದಾಗುವ ದಾರಿ ಎರಡೂ ಕ್ಷಣಕಾಲ ಒಟ್ಟಿಗೇ ತೆರೆದುಕೊಂಡು ವಿದ್ಯುತ್ತು ಸೀದಾ ನೆಲದ ಪಾಲಾಗುತ್ತಿತ್ತು.

"ಒಂದು ಕೈಲೆ ಟಾಕಿ ತುಂಬಸ್ಕೋತ ಇನ್ನೊಂದು ಕೈಲೆ ತೂಬು ತಗದಂಗ್ರಿ," ಎಂದಳು ನೀಲಾಂಬಿಕಾ. ಯಂತ್ರದ ಮಾತು ಬಂದರೆ ಮಾತ್ರ ಅವಳ ನಾಲಿಗೆ ಸಡಿಲವಾಗುತ್ತಿತ್ತು. "ನಾ ಒಂದು ಮುಚ್ಚಿದ ಮ್ಯಾಲೇ ಇನ್ನೊಂದು ತಗಿಯಂಗ ಮಾಡೇನಿ. ಮತ್ತ ಹಳೇ ಅಕ್ಷರದಾಗಿನ ಕರೆಂಟು ಚೆಲ್ಲಂಗಿಲ್ಲ. ಅದನ್ನ ಹೊಸ ಅಕ್ಷರಕ್ಕ ಹಾಕ್ತೈತಿ."

"ಹೋಳಿಗಿ ಬ್ಯಾಳಿ ಬಸದ ನೀರಿನಾಗ ಕಟ್ಟಿನ ಸಾರು ಮಾಡಿದಂಗ ಅನ್ನು!" ಕಾಶವ್ವನಿಗೆ ಖುಷಿಯಾಯಿತು. "ಆದ್ರ ಆ ಸಾರಿನಾಗ ಹೋಳಿಗಿ ವಾಸನಿ ಇದ್ದ ಇರ್ತೈತಿ ನೋಡು."

ನೀಲಾಂಬಿಕಾ ಮತ್ತೆ ಫಲಕದತ್ತ ತಿರುಗಿದಳು. ಅದೇ ಆಗಿತ್ತು. ಮರಳಿ ಪಡೆದ ವಿದ್ಯುತ್ತಿನಲ್ಲಿ ಚೂರುಪಾರು ಚುಕ್ಕಿಯಲ್ಲೇ ಉಳಿದುಬಿಡುತ್ತಿತ್ತು. ಮುಂದಿನ ದಿನಗಳಲ್ಲಿ, ಓಣಿಗಳ ಹೆಸರು ದಿನಾ ಬದಲಾಗುತ್ತಿದ್ದುದರಿಂದ ಅವುಗಳ ಶೇಷ ಒಂದರೊಳಗೊಂದು ಕಲಸಿ ಮಾಯವಾಯಿತು. 'ನಾಳೆ' ಮಾತ್ರ ದಿನಾ ಅದೇ ಜಾಗದಲ್ಲಿ ಬರುತ್ತಿತ್ತು. ಪುರಸಭೆಯ ಅಧ್ಯಕ್ಷ ಫಕೀರಗೌಡರು ಬೆಳಿಗ್ಗೆ ಫೋನಿನಲ್ಲಿ ಹೇಳುತ್ತಿದ್ದುದು ಅದನ್ನೇ, ಅವಳು ಟೈಪ್ ಮಾಡುತ್ತಿದ್ದುದೂ ಅದನ್ನೇ. ನೀರು ಬಂದದ್ದು ಅಪರೂಪ. ಬೇಸಿಗೆಯ ಹೊತ್ತಿಗೆ ಫಲಕ ಆರಿಸಿದರೂ 'ನಾಳೆ' ಆರದಂತಾಯಿತು.

ಊರಿಗೆ ಅದೊಂದು ಆಟವಾಯಿತು. ಕುಪ್ಪಸ ಯಾವಾಗ ಕೊಡ್ತಿ ಎಂದರೆ ಟೇಲರ್ ಮಾಬುಸಾಬ ತುಟಿ ಬಿಚ್ಚದೆ ಕತ್ತರಿಯಿಂದ ಫಲಕ ತೋರಿಸುತ್ತಿದ್ದ. ಮದುವೆ ಯಾವಾಗ ಮಾರಾಯಾ ಎಂದು ಕಾಡಿಸಿದರೆ ಬ್ಯಾಂಕಿನ ಗುಮಾಸ್ತನೂ ಕಿಟಕಿಯತ್ತ ಬೆರಳು ಮಾಡುತ್ತಿದ್ದ.

ಗೌಡರು ನೀಲಾಂಬಿಕಾಳನ್ನು ಕರೆಸಿದರು. "ಏನವಾ ಇದು? ಮಂದಿ ನನಗ ನಾಳೆಗೌಡ ಅನ್ನಾಕತ್ತಾರ! ಅಳಸು ಅದನ್ನ."

"ಅಳಸಬೌದ್ರಿ ಸರ್. ಆದ್ರ ಕರೆಂಟು ಹಳೇ ನಮೂನಿ ಬೋರ್ಡಿನಷ್ಟ ಬೇಕಾಗತೈತಿ."

"ಹಂಗ ಮಾಡಿದ್ರ ವಿದ್ಯುತ್ ಉಳಿತಾಯದ ಬಹುಮಾನ ಹೋತಲ್ಲ! ಬರೋ ಸೋಮವಾರ ಜಿಲ್ಲಾದಿಂದ ಸಾಹೇಬ್ರು ಬರಾಕತ್ತಾರ." ಗೌಡರು ಮೀಸೆ ತೀಡಿಕೊಂಡು ಯೋಚಿಸಿದರು. "ಒಂದು ಕೆಲಸ ಮಾಡು. ಅವತ್ತ ಖರೇನ ನೀರು ಬಿಡಸ್ತೇನಿ. ಬೋರ್ಡಿನ ಮ್ಯಾಲೆ 'ಇಂದು' ಅಂತ ಬರಿ. ಹಿಂದ ಕಾಣೋದು ಬರೇ ಬಿಸಿಲಿನ ಕಲೆ ಅಂತ ಮೈಕಿನಾಗ ಹೇಳು. ಇಂಜಿನಿಯರ್ ಹೇಳಿದ್ರ ಮಂದಿ ನಂಬ್ತಾರ. ನಿನ್ನ ನೌಕರಿ ಕಾಯಂ ಮಾಡೋದೂ ಅವತ್ತ ಆಗಿಬಿಡ್ಲಿ."

"ಹೂಂ ರೀ" ಎಂದುಬಿಟ್ಟಳು. ಆ ಉತ್ತರ ಯಾವಾಗಲೂ ಅವಳಿಗಿಂತ ಮುಂದೆ ಓಡುತ್ತಿತ್ತು.

ಸೋಮವಾರ ಟಾಕಿಯ ಮುಂದೆ ಊರೇ ನೆರೆಯಿತು. ಸಾಹೇಬರು ಬಂದರು, ಶಾಲು ಬಂತು, ಹಾರ ಬಂತು. ಹಿಂದೆ ವಾಲ್ವು ತಿರುಗಿದ ಸದ್ದೂ ಆಯಿತು. 'ಇಂದು ನೀರು: ಎಲ್ಲಾ ಓಣಿ' ಎಂದು ಫಲಕ ಹೊಳೆಯಿತು. ಹೊಳೆದ 'ಇಂದು' ಪದದ ಹಿಂದಿನಿಂದ, ಅದಕ್ಕಿಂತ ದಪ್ಪವಾಗಿ, 'ನಾಳೆ' ಇಣುಕಿತು.

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬರೂ ಮನೆಯ ಕಡೆ ಹೊರಳಲಿಲ್ಲ. ಇದನ್ನು ಯಾರೂ ಎಣಿಸಿರಲಿಲ್ಲ: ನೀರು ನಿಜವಾಗಿಯೂ ಬಂದ ದಿನ ಅದನ್ನು ನಂಬುವವರೇ ಉಳಿದಿರಲಿಲ್ಲ. ಓಣಿಯ ನಲ್ಲಿಗಳ ತಿರುಪು ಕಿತ್ತುಹೋಗಿ ಎಷ್ಟೋ ಕಾಲವಾಗಿತ್ತು. ವೇದಿಕೆಯ ಹಿಂದಿನ ಕುಂಬಾರ ಓಣಿಯಲ್ಲಿ ನೀರು ಕಲ್ಲಿನ ಮೇಲೆ ಬಿದ್ದು ಗಟಾರಕ್ಕೆ ಹರಿಯುವ ಸದ್ದು ನೀಲಾಂಬಿಕಾಳ ಕಿವಿಗೆ ಬಿತ್ತು. ಟಾಕಿಯಲ್ಲಿದ್ದುದು ಒಂದು ತಾಸಿನ ನೀರು. ಅದು ಹೋದರೆ ಮತ್ತೆ ಯಾವಾಗಲೋ.

ಗೌಡರು ಮೈಕನ್ನು ಅವಳ ಕೈಗೆ ತುರುಕಿ, ನಗುಮುಖದಲ್ಲೇ ಹಲ್ಲು ಕಚ್ಚಿ ಉಸುರಿದರು: "ಕಲೆ ಅನ್ನು. ಕಲೆ."

"ಏ ತಂಗಿ!" ಗುಂಪಿನ ನಡುವಿನಿಂದ ಕಾಶವ್ವ ಕೂಗಿದಳು. "ಯಾವುದು ನಂಬಬೇಕವಾ? ಮುಂದಿಂದೋ, ಹಿಂದಿಂದೋ?"

ಮತ್ತೆ ನಗು. ನೀಲಾಂಬಿಕಾ ಗೌಡರನ್ನು ನೋಡಿದಳು, ಸಾಹೇಬರನ್ನು ನೋಡಿದಳು. 'ಹೂಂ ರೀ' ಬಾಯಿಯ ತನಕ ಬಂದಿತ್ತು, ಅದನ್ನು ನುಂಗಿದಳು.

"ಹಿಂದಿಂದು ಕಲೆ ಅಲ್ರಿ ಅಕ್ಕಾ! ದಿನಾ ನಾನ ಬರದ ಸುಳ್ಳು ಅದು. ಇವತ್ತಿಂದಷ್ಟ ಖರೇ. ನೀರು ಗಟಾರಕ್ಕ ಹೊಂಟೈತಿ, ಕೊಡ ತಗೊಂಡು ಓಡ್ರೀ!"