ಎರಡು ಸಲ ಎಣಿಸಿದ ಸಾವು

ಆ ಬೆಳಿಗ್ಗೆಯೂ ಕಂಪ್ಯೂಟರಿನೊಳಗಿನ ಕಡಲು ಸತ್ತುಹೋಗಿತ್ತು. ಮೀನಿಗೆ ಮೇವಾಗುವ ಸೂಕ್ಷ್ಮ ಪಾಚಿ ಪ್ಲಾಂಕ್ಟನ್‌ಗೆ ಅವಳು ಬರೆದ ಮಾಡೆಲ್, ಅವನು ಬರೆದ ಮೀನಿನ ಮಾಡೆಲ್, ಎರಡೂ ಬೇರೆಬೇರೆಯಾಗಿ ಬಂಗಾರದಂತೆ ನಡೆಯುತ್ತಿದ್ದವು. ಜೋಡಿಸಿದರೆ ಸಾಕು, ಮೊದಲು ಪ್ಲಾಂಕ್ಟನ್ ನಿರ್ನಾಮ, ಅದರ ಹಿಂದೆಯೇ ಮೀನು. ಲ್ಯಾಬಿನವರು ಅವಳನ್ನು ಪಾಚಿ, ಅವನನ್ನು ಮೀನಪ್ಪ ಎಂದೇ ಕರೆಯುತ್ತಿದ್ದರು.

“ನಿನ್ನ ಮೀನುಗಳು ಬಕಾಸುರನ ವಂಶ,” ಎಂದಳು.

“ನಿನ್ನ ಪ್ಲಾಂಕ್ಟನ್ ಮುಟ್ಟಿದರೆ ಮುನಿ,” ಎಂದು ಅವನು ನಕ್ಕ.

ನಗುವಾಗ ಅವನ ಎಡಗಣ್ಣು ಒಂದಿಷ್ಟು ಹೆಚ್ಚೇ ಕಿರಿದಾಗುತ್ತಿತ್ತು. ಮೊದಲಾದರೆ ಅದನ್ನು ನೋಡಲೆಂದೇ ಅವಳು ಕಾಲು ಕೆರೆದು ಜಗಳ ತೆಗೆಯುತ್ತಿದ್ದಳು. ಈಗ ಸ್ಕ್ರೀನಿನತ್ತ ತಿರುಗಿದಳು.

ಅವನ ರಕ್ತದ ಕಾಯಿಲೆಗೆ ಇನ್ನು ಮದ್ದಿಲ್ಲವೆಂದು ಡಾಕ್ಟರು ಕೈಚೆಲ್ಲಿದ ಮೇಲೆ ಹೀಗಾಗಿತ್ತು. ಆ ವಾರವೇ ಅವನು ಸುತ್ತುಬಳಸದೆ ಕೇಳಿದ್ದ, ಇರುವಷ್ಟು ದಿನ ಮದುವೆಯಾಗಿ ಜೊತೆಗಿರೋಣವೇ ಎಂದು. ಅವಳು ಬೇಡವೆಂದಿದ್ದಳು. ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡು, ಅಮ್ಮ ಪಟ್ಟ ಪಾಡನ್ನು ಕಣ್ಣಾರೆ ಕಂಡವಳು. ಅಂದಿನಿಂದ ಅವನ ಜೊತೆ ಊಟ ಬಿಟ್ಟಳು, ಅವನ ಪಕ್ಕದಲ್ಲಿದ್ದ ತನ್ನ ಕುರ್ಚಿಯನ್ನು ಕಿಟಕಿಯ ಬಳಿಗೆ ಸರಿಸಿಕೊಂಡಳು. ಅವನಿಲ್ಲದ ಬದುಕನ್ನು ಈಗಲೇ ರೂಢಿ ಮಾಡಿಕೊಂಡರೆ ಆಮೇಲೆ ಸುಲಭ ಎಂಬುದು ಅವಳ ಎಣಿಕೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವವರಿದ್ದಾರೆ. ಈ ಮಹರಾಯ್ತಿ ಅವನ ಉಸಿರಿರುವಾಗಲೇ ಸೂತಕ ಹಿಡಿದಿದ್ದಳು.

ಮಧ್ಯಾಹ್ನ ಅವಳ ಹಳೆಯ ಕೋಡ್ ಓದುತ್ತಿದ್ದವನು ಒಂದು ಸಾಲಿನ ಮೇಲೆ ಬೆರಳಿಟ್ಟ. ಪ್ಲಾಂಕ್ಟನ್‌ಗೆ ಇಷ್ಟೊಂದು ಸಾವು ಯಾಕೆ ಎಂದು ಕೇಳಿದ.

ಅದು ಮೀನಿನ ಬದಲಿಗೆ ಹಾಕಿದ್ದು ಎಂದಳು. ತನ್ನ ಮಾಡೆಲ್‌ನಲ್ಲಿ ಮೀನುಗಳೇ ಇರಲಿಲ್ಲವಲ್ಲ. ಅವು ತಿನ್ನಬಹುದಾದಷ್ಟನ್ನು ಅಂದಾಜು ಮಾಡಿ, ತಾನೇ ಮೊದಲೇ ಸಾಯಿಸಿಬಿಡುತ್ತಿದ್ದಳು. ಹೇಳುತ್ತ ಹೇಳುತ್ತ ಅವಳು ಆ ಸಾಲನ್ನು ಮತ್ತೊಮ್ಮೆ ಓದಿದಳು.

“ಈಗ ನಿಜವಾದ ಮೀನೇ ಬಂದಿದೆಯಲ್ಲ,” ಎಂದ ಅವನು ಮೆಲ್ಲಗೆ. “ಒಂದೇ ಸಾವನ್ನ ಎರಡು ಸಲ ಲೆಕ್ಕ ಹಾಕ್ತಿದೀಯ ಕಣೆ.”

ಅವನು ಹೇಳಿದ್ದು ಮಾಡೆಲ್‌ನ ಮಾತು. ಅದು ಅವಳ ಎದೆಗೇ ನಾಟಿತು. ಇಷ್ಟು ದಿನ ಅವನು ಕಣ್ಣೆದುರಿಗೇ ಇದ್ದ, ತಾನು ಮಾತ್ರ ಅವನನ್ನು ಆಗಲೇ ಕಳೆದುಕೊಂಡಾಗಿತ್ತು.

ಆ ಸಾಲನ್ನು ಅವಳೇ ಅಳಿಸಿದಳು. ರನ್ ಮಾಡಿದರು. ಮೀನು ತಿಂದವು, ಪ್ಲಾಂಕ್ಟನ್ ಕುಗ್ಗಿತು, ಚೇತರಿಸಿಕೊಂಡಿತು, ಮತ್ತೆ ಕುಗ್ಗಿತು. ಸಂಜೆಯಾದರೂ ಕಡಲು ಉಳಿದೇ ಇತ್ತು. ಪಕ್ಕದ ಕೋಣೆಯವರು ಬಂದು ಬೆನ್ನು ತಟ್ಟಿ ಹೋದರು. ಎದ್ದು ನಿಲ್ಲಲು ಅವನು ಮೇಜು ಹಿಡಿಯಬೇಕಾಯಿತು. ಅವಳು ಈ ಸಲ ಮುಖ ತಿರುಗಿಸಲಿಲ್ಲ. ಹೋಗಿ ತೋಳು ಹಿಡಿದಳು.

“ನೀನು ಕೇಳಿದ್ದಕ್ಕೆ ಹೂಂ ಅಂತೀನಿ,” ಎಂದಳು. “ಭಯ ಹೋಗಿಲ್ಲ. ಆದರೆ ಇವತ್ತು ನೀನಿದೀಯ, ಮತ್ತೆ ನೀನಂದ್ರೆ ನಂಗೆ ಪ್ರಾಣ.”

ಅವನ ಕಣ್ಣು ತುಂಬಿತ್ತು.

“ತುಂಬ ಅಳಬೇಕಾಗುತ್ತೆ ಪಾಚಿ.”

“ಅಳ್ತೀನಿ,” ಎಂದಳು. “ಆಮೇಲೆ. ಒಂದೇ ಸಲ.”