ಎಣ್ಣಿ ಹಾಡಿನ ಮಾಂತೇಶ

"ಕುಡದ ಬಂದೀರೇನ್ರಿ?"

ರಾಮದುರ್ಗದ ಆ ಸಣ್ಣ ರೆಕಾರ್ಡಿಂಗ್ ಕೋಣೆಯಲ್ಲಿ ಉಮಾಶ್ರೀ ಮಾಂತೇಶನನ್ನು ಕೇಳಿದ ಮೊದಲ ಮಾತೇ ಅದು.

ಅವನ ಕಣ್ಣುಗಳು ಕೆಂಪಗಿದ್ದವು, ದನಿ ಒಡೆದಿತ್ತು. ಕುಡಿತದ ಹಾಡು ಹಾಡಿಯೇ ಹೆಸರಾದವನು. ಟ್ರ್ಯಾಕ್ಟರುಗಳಲ್ಲಿ, ಮದುವೆಯ ಮೆರವಣಿಗೆಗಳಲ್ಲಿ ಅವನ ಎಣ್ಣಿ ಹಾಡಿಲ್ಲದೆ ಹುಡುಗರು ಕುಣಿಯುತ್ತಲೇ ಇರಲಿಲ್ಲ.

"ಇಲ್ರಿ. ರಾತ್ರಿಯೆಲ್ಲಾ ಪ್ರೋಗ್ರಾಮ್ ಇತ್ತು, ನಿದ್ದಿಲ್ಲ. ಹಾಡ್ತೇನಿ ಖರೆ, ಒಂದ ಹನಿ ಮುಟ್ಟಿಲ್ಲ."

"ನಮ್ಮಪ್ಪ ಕುಡದ ಸತ್ತಾನ್ರಿ. ಆ ವಾಸನಿ ಬಂದ್ರ ನಾ ಎದ್ದ ಹೋಗಾಕಿ."

ಮಾಂತೇಶ ನಗಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು, ಬೇಕಾದರೆ ನೋಡಿ ಎಂಬಂತೆ ಉಸಿರು ಬಿಟ್ಟ. ಚಹಾದ ವಾಸನೆ... ಅಷ್ಟೇ. ಉಮಾಶ್ರೀಗೆ ನಾಚಿಕೆಯಾಯಿತು.

ಸಾಲಹಳ್ಳಿಯಲ್ಲಿ ಭಜನೆ ಪದ ಹಾಡುತ್ತಿದ್ದ ಹುಡುಗಿ ಅವಳು. ಅಂದು ಅವಳ ಪಾಲಿಗೆ ಬಂದದ್ದು, ತಡರಾತ್ರಿ ತೂರಾಡಿ ಬರುವ ಗಂಡನಿಗೆ ಬಾಗಿಲು ತೆರೆಯುವ ಹೆಂಡತಿಯ ಸಾಲುಗಳು. ಅವ್ವನನ್ನು ನೆನೆದು ಹಾಡಿದಳು. ಜನ ಅದನ್ನೂ ಜೋರಾಗಿ ಹಚ್ಚಿಕೊಂಡು ಕುಡಿದು ಕುಣಿದರು.

ಒಂದೇ ಜೀಪಿನಲ್ಲಿ ಊರೂರು ತಿರುಗುವಾಗ ಪ್ರೀತಿ ಯಾವಾಗ ಹುಟ್ಟಿತೋ... ಬೆಳಗಿನ ಜಾವ ಮಾಂತೇಶ ತನ್ನ ಶಾಲನ್ನು ಅವಳಿಗೆ ಹೊದಿಸಿ, ತಾನು ನಡುಗುತ್ತ ಕೂತಿರುತ್ತಿದ್ದ. "ಮದ್ವಿ ಆಗೂಣು" ಅಂದಾಗ ಅವಳು ಹೂಂ ಎಂದು ತಲೆಯಾಡಿಸಿದ್ದಳು.

ಹಾಗಿರುವಾಗ ಸವದತ್ತಿಯಲ್ಲಿ ಕಾರ್ಯಕ್ರಮ. ವೇದಿಕೆಯ ಹಿಂದೆ ಮಾಂತೇಶ ನೆಲದ ಮೇಲೆ ಕುಳಿತಿದ್ದ. ಕೈಯಲ್ಲಿ ಗ್ಲಾಸು. ಅಪ್ಪನ ಅದೇ ವಾಸನೆ!

"ಉಮಾ, ಕೇಳಿಲ್ಲೆ..."

"ಮುಟ್ಟಬ್ಯಾಡ ನನ್ನ."

ಅವನ ನಾಲಿಗೆ ತೊದಲುತ್ತಿತ್ತು. ಅವಳು ನಿಲ್ಲಲಿಲ್ಲ. ಊರಿಗೆ ಹೋಗಿ ಅವನ ನಂಬರ್ ಬ್ಲಾಕ್ ಮಾಡಿದಳು. 'ಅಪ್ಪನಂಥವನನ್ನೇ ಹುಡುಕಿಕೊಂಡೆನಲ್ಲ... ಆದರೂ ಅವನಿಲ್ಲದೆ ಹೇಗಿರಲಿ?' ಹಗಲೆಲ್ಲ ಅದೇ ಸಂಕಟ.

ಒಂದು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಾ ಬೈಲಹೊಂಗಲದ ಸೋಮವ್ವ. ಮಾಂತೇಶನ ಮೊಬೈಲ್‌ನ್ಯಾಗ ನಿನ್ನ ನಂಬರ್ ಸಿಕ್ತು. ಅಂವಾ ನಮ್ಮ ಕಟ್ಟಿ ಮ್ಯಾಲ ಕುಂತಾನವಾ. ಉಣವೊಲ್ಲ, ಏಳವೊಲ್ಲ."

"ನೀವು ಅಂವಗ ಏನಾಗಬೇಕ್ರಿ?"

"ಏನೂ ಆಗಬೇಕಿಲ್ಲ. ನನ್ನ ಮಗ ನಿಮ್ಮ ಹಾಡ ಹಚಗೊಂಡು, ಕುಡದ ಗಾಡಿ ಹೊಡಕೊಂತ ಹೋಗಿ ಸತ್ತ. ಸವದತ್ತಿಗೆ ಹೋಗಿ ಇವನ ಮುಂದ ಅತ್ತೆ. 'ನನ್ನ ಮಗನ್ನ ನುಂಗಿದಿ' ಅಂದೆ. ಈಗ ಇವನೂ ಸಾಯಾಕ ಕುಂತಾನ. ಇನ್ನೊಂದ ಹೆಣ ನಾ ನೋಡಲಾರೆ. ಬಾರವ್ವಾ."

ಉಮಾಶ್ರೀಗೆ ಆಗ ಹೊಳೆಯಿತು. ಅಂದು ಅವನು ಹೇಳಲು ಹೊರಟಿದ್ದು ಇದನ್ನೇ...

ಸಿಕ್ಕ ಬಸ್ಸು ಹತ್ತಿ ಬೈಲಹೊಂಗಲಕ್ಕೆ ಬಂದಳು. ಕಟ್ಟೆಯ ಮೇಲೆ ಮಾಂತೇಶ. ಮಾಸಿದ ಅಂಗಿ, ಬೆಳೆದ ಗಡ್ಡ. ಅವಳನ್ನು ಕಂಡು ಅವನು ಮುಖ ತಿರುಗಿಸಿದ.

"ಯಾಕ ಬಂದಿ? ಕುಡದೇನಿ, ಉಮಾ. ಸುಳ್ಳ ಹೇಳೂದಿಲ್ಲ. ಆ ತಾಯಿ ಅಳೂದ ನೋಡಿ ತಡಕೊಳ್ಳಾಕ ಆಗಲಿಲ್ಲ, ಅವತ್ತ ಮೊದಲನೇ ಸಲ ಕುಡದೆ. ಆಮ್ಯಾಲೂ ಕುಡದೆ. ಸಾಯಬೇಕ ಅನಸ್ತು. ಆ ತಾಯಿನ ಹೊಡದು ಬಡದು ಮಾಡ್ಲಿ ಅಂತ ಇಲ್ಲಿ ಬಂದೆ. ಆಕಿ ನೀರ ಕೊಟ್ಳು..."

ಅವನು ಬಿಕ್ಕಿದ. ಉಮಾಶ್ರೀ ಪಕ್ಕದಲ್ಲಿ ಕೂತಳು.

"ಆ ಹಾಡ ನಾನೂ ಹಾಡೇನಿ. ನೀ ಒಬ್ಬಾವ ಯಾಕ ಹೊತಗೊಂಡಿ?"

"ಇನ್ನ ಹಾಡೂದಿಲ್ಲ ಅದನ್ನ."

"ಬ್ಯಾಡ. ನಾನೂ ಹಾಡೂದಿಲ್ಲ."

ಸೋಮವ್ವ ಊಟದ ತಾಟು ತಂದಿಟ್ಟಳು. ಉಮಾಶ್ರೀ ರೊಟ್ಟಿ ಮುರಿದು ಅವನ ಕೈಗಿಟ್ಟಳು. ಅಳುತ್ತಲೇ ತಿಂದ. ಬಾಗಿಲ ಮರೆಯಲ್ಲಿ ಆ ತಾಯಿ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು.

"ನನ್ನ ಮ್ಯಾಲ ಇನ್ನೂ ಮನಸೈತೇನು?" ಅವನು ಮೆಲ್ಲಗೆ ಕೇಳಿದ.

"ಇರದಿದ್ರ ಬರ್ತಿದ್ದಿಲ್ಲ. ಮತ್ತ ಕುಡದ್ರ ಮಾತ್ರ ನಾ ಇರಾಂಗಿಲ್ಲ. ಕುಡೀಬೇಕ ಅನಸಿದಾಗ ನನ್ನ ಕರಿ. ಎಷ್ಟೊತ್ತಿದ್ರೂ ಎದ್ದ ಕುಂದರತೇನಿ."

"ನಿಮ್ಮವ್ವಗ ಏನಂತ ಹೇಳ್ಲಿ?"

"ಕುಡದಿದ್ದೆ ಅಂತ ಮೊದಲ ಹೇಳು. ಆಮ್ಯಾಲ ಮಗಳನ್ನ ಕೊಡ್ರಿ ಅಂತ ಕೇಳು."

"ಕೊಡದಿದ್ರ?"

"ನಾ ನಿನ್ನ ಬಾಜೂಕ ಕುಂತಿರ್ತೇನಿ."