ಬೀಗದೊಳಗೆ ಮುರಿದ ನಡುಗಂಬ

ಬೇಸಿಗೆ ಮುಗಿದು ಮೊದಲ ಮಳೆ ಬಂದು ಹೋದ ಮರುದಿನ, ಗುರುವಾರ, ಬೆಳಿಗ್ಗೆ ಏಳು ಗಂಟೆ. ಯಜಮಾನರು ಒಳಕೋಣೆಯ ಬೀಗ ತೆಗೆದರು. ನಾನು ನೂಲಿನ ಬುಟ್ಟಿ ಹಿಡಿದು ಅವರ ಹಿಂದೆಯೇ ಇದ್ದೆ. ಅವರು ಹೊಸ್ತಿಲಲ್ಲೇ ನಿಂತುಬಿಟ್ಟರು. ಬುಟ್ಟಿ ಬೆನ್ನಿಗೆ ತಾಗಿದರೂ ಕದಲಲಿಲ್ಲ.

ಮೇಜಿನ ಮೇಲೆ ಹಡಗು ಇತ್ತು. ಮೂರು ಕಂಬದ ಹಾಯಿಹಡಗು, ನನ್ನ ತೋಳಿನಷ್ಟು ಉದ್ದ, ಹನ್ನೊಂದು ತಿಂಗಳ ಕೆಲಸ. ಅದರ ನಡುಗಂಬದ ತುದಿ ಮುರಿದು, ಹಗ್ಗಗಳ ನಡುವೆ ಕುತ್ತಿಗೆ ವಾಲಿಸಿಕೊಂಡು ನೇತಾಡುತ್ತಿತ್ತು.

ನಮ್ಮದು ಮರದ ಪುಟ್ಟ ಹಡಗುಗಳನ್ನು ಮಾಡುವ ಕಾರ್ಖಾನೆ. ಕಾರ್ಖಾನೆ ಎನ್ನುವುದು ಬಾಯಿಮಾತಿಗೆ; ಇರುವುದು ಎರಡು ಕೋಣೆ, ಐದು ಜನ. ಯಜಮಾನರ ಅಳಿಯ ಹಡಗಿನ ಒಡಲನ್ನೂ ಕಂಬಗಳನ್ನೂ ಕೆತ್ತುತ್ತಾನೆ. ಮಗಳು ಹಾಯಿ ಹೊಲಿಯುತ್ತಾಳೆ. ವಾರ್ನಿಷ್ ಬಳಿಯುವವನು ಸೀನಪ್ಪ. ಡಬ್ಬಿಯ ಮುಚ್ಚಳ ತೆಗೆದೊಡನೆ ಸೀನುತ್ತಾನೆಂದು ಆ ಹೆಸರು ಬಂತು, ಈಗ ಅವನ ಹೆಂಡತಿಯೂ ಹಾಗೆಯೇ ಕರೆಯುತ್ತಾಳೆ. ನಾನು ಹತ್ತಿಯ ನೂಲನ್ನು ಹುರಿಗೊಳಿಸಿ ಹಗ್ಗ ಮಾಡುತ್ತೇನೆ. ಕುದುರೆಬಾಲದ ಕೂದಲಿನಷ್ಟು ಸಣ್ಣದೂ ಉಂಟು, ಬೆಂಕಿಕಡ್ಡಿಯಷ್ಟು ದಪ್ಪದ್ದೂ ಉಂಟು. ಆ ಹಗ್ಗಗಳನ್ನು ಕಂಬಕ್ಕೆ ಕಟ್ಟಿ, ಎಳೆದು ಬಿಗಿದು, ಹಡಗನ್ನು ಹಡಗು ಮಾಡುವ ಕೆಲಸ ಮಾತ್ರ ಯಜಮಾನರದ್ದು. ಅದನ್ನು ಮೂವತ್ತೊಂದು ವರ್ಷದಲ್ಲಿ ಇನ್ನೊಬ್ಬರ ಕೈ ಮುಟ್ಟಿದ್ದಿಲ್ಲ.

ಈ ಹಡಗು ಕಡಲಿನಿಂದ ನಿವೃತ್ತರಾದ ಒಬ್ಬ ಕ್ಯಾಪ್ಟನ್‌ಗೆ. ಅವರು ಕೇಳಿದ್ದು ಒಂದೇ: ಹಗ್ಗ ಹೊಸ ಹಡಗಿನ ಹಗ್ಗದ ಹಾಗೆ ಹಾಲಿನಷ್ಟು ಬೆಳ್ಳಗಿರಬೇಕು. ಶನಿವಾರ ಬಂದು ಒಯ್ಯುವವರಿದ್ದರು.

ಒಳಕೋಣೆಗೆ ಬೀಗದ ಕೈ ಎರಡೇ. ಒಂದು ಯಜಮಾನರ ಸೊಂಟದಲ್ಲಿ, ಇನ್ನೊಂದು ಅಳಿಯನ ಜೇಬಿನಲ್ಲಿ. ಕಿಟಕಿಯ ಕದ ತೆರೆದಿತ್ತು ನಿಜ, ಆದರೆ ಅದಕ್ಕೆ ಕಬ್ಬಿಣದ ಜಾಲರಿ, ಬೆಕ್ಕೂ ನುಸುಳದು. ಬೀಗ ಹಾಕಿದ್ದು ಹಾಕಿದ ಹಾಗೆಯೇ ಇತ್ತು. ಹಾಗಾದರೆ ಒಳಗೆ ಬಂದವರು ಯಾರು?

ಯಜಮಾನರು ಬಹಳ ಹೊತ್ತು ಯೋಚಿಸಲಿಲ್ಲ. ಮಂಗಳವಾರವಷ್ಟೇ ಅಳಿಯ, ಮುಂದಿನ ಹಡಗಿನಲ್ಲಿ ಒಂದು ಕಂಬದ ಹಗ್ಗವನ್ನಾದರೂ ತಾನು ಕಟ್ಟುತ್ತೇನೆಂದು ಕೇಳಿದ್ದ. ಇನ್ನೂ ಹತ್ತು ವರ್ಷ ಹೋಗಲಿ ಎಂದು ಇವರು ಹೇಳಿದ್ದರು. ಅವನು ಊಟ ಬಿಟ್ಟು ಎದ್ದಿದ್ದ. ಅದು ನಮಗೆಲ್ಲ ಗೊತ್ತಿತ್ತು.

“ಕಂಬ ನಿಂದು, ಕೀ ನಿಂದು, ಕೋಪಾನೂ ನಿಂದೇ,” ಎಂದರು ಯಜಮಾನರು, ಆಗತಾನೇ ಒಳಗೆ ಬಂದ ಅಳಿಯನಿಗೆ. “ಇನ್ನೇನು ಕೇಳೋದಿದೆ?”

ಅಳಿಯ ಮುರಿದ ತುದಿಯನ್ನು ಒಮ್ಮೆ ನೋಡಿದ. “ಮುರಿಯೋದಕ್ಕೆ ನಾನು ಹನ್ನೊಂದು ತಿಂಗಳು ಕೆತ್ತಬೇಕಿತ್ತಾ, ಮಾವ?” ಎಂದ. ಅಷ್ಟೇ. ಹೊರಕೋಣೆಗೆ ಹೋಗಿ ತನ್ನ ಉಳಿಗಳನ್ನು ಒರೆಸಿ ಒಂದೊಂದಾಗಿ ಚೀಲಕ್ಕೆ ಹಾಕತೊಡಗಿದ. ಅವನ ಅಣ್ಣನದೊಂದು ಕುರ್ಚಿ ಮಾಡುವ ಅಂಗಡಿಯಿದೆ; ಅಲ್ಲಿ ಯಾವತ್ತೂ ಜಾಗವಿದೆಯೆಂದು ನನಗೆ ಹೇಳಿದ.

ಮಗಳು ಅಳಲಿಲ್ಲ. ಹೊಲಿಯುತ್ತಿದ್ದ ಹಾಯಿಯನ್ನು ಮಡಚಿ ಅಪ್ಪನ ಮುಂದಿಟ್ಟಳು.

“ಅವ್ರು ಹೋದ್ರೆ ನಾನೂ ಹೋಗ್ತೀನಪ್ಪ. ಆದ್ರೆ ಮುರಿದಿದ್ದು ಯಾರು ಅಂತ ತಿಳ್ಕೊಂಡೇ ಹೋಗೋದು. ತಿಳೀದೆ ಹೋದ್ರೆ ಮತ್ತೆ ಈ ಮನೆಗೆ ಬರೋದು ಹೇಗೆ?”

ನಾನು ಬುಟ್ಟಿ ಇಳಿಸಿ ಪಕ್ಕದ ಅಂಗಳಕ್ಕೆ ಹೋದೆ. ಇಂಥ ಹೊತ್ತಿಗೆ ನನಗೆ ತೋಚುವುದು ಅದೊಂದೇ. ಅಲ್ಲಿ ನನ್ನ ಅತ್ತಿಗೆಯ ಲಾಂಡ್ರಿ ಇದೆ.

ಅತ್ತಿಗೆ ನನಗಿಂತ ನಾಲ್ಕು ವರ್ಷ ದೊಡ್ಡವಳು. ನಾನು ಎರಡನೇ ಕ್ಲಾಸಿನಲ್ಲಿ ನಿಂತೆ, ಅವಳು ಒಂದನೆಯದರಲ್ಲೇ. ಆದರೆ ಅಂಗಿಯ ಕಾಲರು ನೋಡಿ ಆ ಮನೆಯ ವಾರದ ಸುದ್ದಿ ಹೇಳಬಲ್ಲಳು. ಯಾವನು ಕೆಲಸಕ್ಕೆ ಹೋಗುತ್ತೇನೆಂದು ಹೇಳಿ ಹುಲ್ಲಿನ ಮೇಲೆ ಮಲಗಿ ಬರುತ್ತಾನೆ, ಯಾವಳು ಗಂಡನ ಅಂಗಿಯ ಗುಂಡಿಯನ್ನು ಸಿಟ್ಟಿನಿಂದ ಹೊಲಿದಿದ್ದಾಳೆ, ಎಲ್ಲ ಅವಳಿಗೆ ಬಟ್ಟೆಯಲ್ಲೇ ಕಾಣುತ್ತದೆ. ಆ ಬೆಳಿಗ್ಗೆ ಅವಳು ಸ್ಟೂಲಿನ ಮೇಲೆ ಹತ್ತಿ ಗೋಡೆಗೆ ಕೊಕ್ಕೆ ಹೊಡೆಯುತ್ತಿದ್ದಳು. ಬಟ್ಟೆ ಒಣಹಾಕುವ ಹಗ್ಗ ಹಳೆಯ ಕೊಕ್ಕೆಯನ್ನು ಗಾರೆಸಮೇತ ಕಿತ್ತುಕೊಂಡು ಬಂದಿತ್ತು. ಮೋಡ ಕಂಡಕೂಡಲೇ ಹಗ್ಗ ಸಡಿಲಿಸುವವಳು ನಿನ್ನೆ ಮರೆತಳಂತೆ. ಅದಕ್ಕೆ ತನ್ನನ್ನೇ ಬೈದುಕೊಳ್ಳುತ್ತಿದ್ದಳು.

ನಾನು ನಡೆದದ್ದನ್ನೆಲ್ಲ ಹೇಳಿದೆ. ಅವಳು ಸುತ್ತಿಗೆ ಕೆಳಗಿಟ್ಟು, ಕೈ ಒರೆಸಿಕೊಂಡು ನನ್ನ ಜೊತೆ ಬಂದಳು. ಯಜಮಾನರಿಗೆ ಅದು ಹಿಡಿಸಲಿಲ್ಲ. ಆದರೆ ಬೇಡವೆನ್ನುವ ಹಾಗೂ ಇರಲಿಲ್ಲ; ಅವರ ಏಳು ಅಂಗಿಗಳಲ್ಲಿ ಆರು ಆಗ ಅವಳ ಕಪಾಟಿನಲ್ಲಿದ್ದವು.

ಅತ್ತಿಗೆ ಎರಡೂ ಕೈಯನ್ನು ಬೆನ್ನಿಗೆ ಕಟ್ಟಿಕೊಂಡು ಹಡಗನ್ನು ಒಂದು ಸುತ್ತು ಬಂದಳು. ಹುಡುಗಿ ನೋಡಲು ಬಂದವರ ಕಡೆಯ ಸೋದರತ್ತೆಯ ಹಾಗೆ.

“ಹಗ್ಗ ಒಂದಾದ್ರೂ ಹರಿದಿದ್ಯಾ?”

ಇಲ್ಲವೆಂದೆ.

“ಗಂಟು ಬಿಚ್ಚಿದ್ಯಾ?”

ಅದೂ ಇಲ್ಲ.

“ಕೈ ತಾಗಿ ಮುರಿದಿದ್ರೆ ಅಷ್ಟು ಹಗ್ಗದಲ್ಲಿ ಒಂದಕ್ಕಾದ್ರೂ ಪೆಟ್ಟಾಗ್ಬೇಕಿತ್ತು—ಅಲ್ವಾ?”

ಮುಂಗಂಬದ ಒಂದು ಹಗ್ಗವನ್ನು ಉಗುರಿನಿಂದ ಮೀಟಲು ನನಗೆ ಹೇಳಿದಳು. ಮೀಟಿದೆ. ಟಿಣ್ ಎಂದಿತು, ತೆಳ್ಳಗೆ, ಸೊಳ್ಳೆಯ ದನಿಯಲ್ಲಿ. ಅತ್ತಿಗೆ ತಲೆಯಾಡಿಸಿದಳು.

ಆಮೇಲೆ ಅಳಿಯನನ್ನು ಕರೆದು, ಕಂಬ ಕೆತ್ತಿ ಉಳಿದ ಮರದ ಚೂರು ಇದೆಯೇ ಎಂದು ಕೇಳಿದಳು. ಅವನು ತಂದು ಕೊಟ್ಟ. ಅವಳು ಅದನ್ನು ಬಾಗಿಸಿದಳು. ಬಾಗಿತು, ಮುರಿಯಲಿಲ್ಲ. ಬಿಟ್ಟಾಗ ಮತ್ತೆ ನೆಟ್ಟಗಾಯಿತು. ರಾತ್ರಿ ಎಲ್ಲಿದ್ದೆಯೆಂದು ಅವನನ್ನು ಕೇಳಲೇ ಇಲ್ಲ. ಅದನ್ನು ಕಂಡು ಯಜಮಾನರು ಗಂಟಲು ಸರಿಮಾಡಿಕೊಂಡರು.

ಮುಂದಿನ ಸರದಿ ಸೀನಪ್ಪನದು. ಕಿಟಕಿ ತೆರೆದದ್ದು ಯಾರು? ಅವನೇ. ಬುಧವಾರ ಸಂಜೆ ಬೀಗ ಹಾಕುವ ಮುಂಚೆ, ವಾರ್ನಿಷ್ ಆರಲೆಂದು ತೆರೆದಿದ್ದ. ಮುಚ್ಚಲು ಮರೆತ. ರಾತ್ರಿಯಿಡೀ ಮಳೆಯ ತಂಪುಗಾಳಿ ಒಳಗೆ ಆಡಿತ್ತು. ಇದನ್ನು ಹೇಳುವಾಗ ಅವನ ಮುಖ ಸಣ್ಣದಾಗಿತ್ತು.

“ಅತ್ತಿಗೆ, ನಾನು ಹೋಗೋ ಮುಂಚೆ ಎರಡು ಸಲ ಸೀನಿದ್ದು ನಿಜ. ಅದಕ್ಕೆ ಕಂಬ ಮುರಿಯುತ್ತಾ?”

“ನಿನ್ನ ಸೀನಿಗೆ ನನ್ನ ಅಂಗಡಿಯ ತಗಡು ಅಲುಗುತ್ತೆ. ಆದ್ರೂ ಇದು ನಿನ್ನ ಕೆಲಸ ಅಲ್ಲ, ಹೋಗು.”

ಮಗಳು ಬಾಯಿಗೆ ಸೆರಗು ಒತ್ತಿಕೊಂಡಳು. ಬೆಳಗಿನಿಂದ ಆ ಕೋಣೆಯಲ್ಲಿ ನಗು ಸುಳಿದದ್ದು ಅದೇ ಮೊದಲು.

ಆಮೇಲೆ ಅತ್ತಿಗೆ ಬಗ್ಗಿ ಎಣಿಸಲು ಶುರುಮಾಡಿದಳು. ಕಂಬದಿಂದ ಇಳಿದ ಪ್ರತಿ ಹಗ್ಗವನ್ನೂ ಹಡಗಿನ ಅಂಚಿನ ಒಂದು ಪುಟ್ಟ ಗೂಟಕ್ಕೆ ಕಟ್ಟಿ, ಉಳಿದ ತುದಿಯನ್ನು ಸುರುಳಿ ಸುತ್ತಿ ಅದೇ ಗೂಟಕ್ಕೆ ತೂಗುಹಾಕುತ್ತಾರೆ. ಆ ಸುರುಳಿ ಎಷ್ಟು ಸುತ್ತು ಎಂದು ನನ್ನನ್ನು ಕೇಳಿದಳು. ಐದು, ಎಂದೆ. ಹಗ್ಗ ಕತ್ತರಿಸುವವನು ನಾನೇ. ಐದು ಸುತ್ತಿಗೆ ಆಗುವಷ್ಟೇ ಬಿಡುತ್ತೇನೆ.

“ಇಲ್ಲಿ ಏಳಿದೆ,” ಎಂದಳು. “ಇಲ್ಲೂ ಏಳು. ಇಲ್ಲಿ ಆರೂವರೆ.”

ನಾನು ಕನ್ನಡಕ ಹಾಕಿಕೊಂಡು ನೋಡಿದೆ. ಹೌದು. ದಿನಾ ಕೈಯಾಡಿಸುವ ಹಗ್ಗ, ನನಗೇ ಕಂಡಿರಲಿಲ್ಲ.

ಯಾರೂ ಏನನ್ನೂ ಮುಟ್ಟಬಾರದು, ಬಿಸಿಲು ಒಳಗೆ ಬರಲಿ, ಮೂರು ಗಂಟೆಗೆ ಬರುತ್ತೇನೆ ಎಂದು ಹೇಳಿ ಅತ್ತಿಗೆ ಹೊರಟುಹೋದಳು. ಆಕಾಶ ತೊಳೆದ ಹಾಗಿತ್ತು. ಹತ್ತು ಗಂಟೆಗೇ ಬಿಸಿಲು ಮೇಜಿನ ತನಕ ಬಂತು. ನಾವು ಐವರೂ ಹಡಗಿನ ಸುತ್ತ ಕುಳಿತೆವು, ಒಬ್ಬರು ಮುಟ್ಟಿದರೆ ನಾಲ್ವರಿಗೆ ಗೊತ್ತಾಗುವ ಹಾಗೆ. ಮಾವ ಅಳಿಯನ ಕಡೆ ನೋಡಲಿಲ್ಲ. ಅಳಿಯ ನೆಲ ನೋಡುತ್ತಿದ್ದ.

ಮೂರಕ್ಕೆ ಸರಿಯಾಗಿ ಅತ್ತಿಗೆ ಒಂದು ಚೊಂಬು ನೀರು, ಒಂದು ಪೊರಕೆಕಡ್ಡಿ ಹಿಡಿದು ಬಂದಳು. ಬೆಳಿಗ್ಗೆ ಮೀಟಿದ ಹಗ್ಗವನ್ನೇ ಮತ್ತೆ ಮೀಟು ಎಂದಳು. ಮೀಟಿದೆ. ಈಗ ಅದು ಡುಬ್ ಎಂದಿತು, ನಿದ್ದೆಗಣ್ಣಿನಲ್ಲಿ ಯಾರೋ ಹೂಂಗುಟ್ಟಿದ ಹಾಗೆ.

“ಯಾರಾದ್ರೂ ಸಡಿಲ ಮಾಡಿದ್ರಾ?”

ಯಾರೂ ಮುಟ್ಟಿಲ್ಲವೆಂದು ನಾವೆಲ್ಲ ಒಟ್ಟಿಗೇ ಹೇಳಿದೆವು.

“ಮುಟ್ಟದೆ ಸಡಿಲ ಆಯ್ತು. ಹಾಗಾದ್ರೆ ಮುಟ್ಟದೆ ಬಿಗಿನೂ ಆಗಿರಬಹುದಲ್ಲ?”

ಆ ಹಡಗಿನದೇ ಐದು ಎಳೆ ಹಗ್ಗವನ್ನು ನನ್ನ ಬುಟ್ಟಿಯಿಂದ ತೆಗೆದುಕೊಂಡು ಯಜಮಾನರ ಕೈಗಿಟ್ಟಳು. ಪೊರಕೆಕಡ್ಡಿಯ ಎರಡು ತುದಿಗೆ ಕಟ್ಟಬೇಕು, ತಾವು ಹಡಗಿಗೆ ಕಟ್ಟುವಷ್ಟೇ ಬಿಗಿಯಾಗಿ—ಕಡ್ಡಿ ಮಾತ್ರ ನೆಟ್ಟಗಿರಬೇಕು ಎಂದಳು. ಅವರು ಕಟ್ಟಿದರು. ಗಂಟಿನಲ್ಲಿ ಅವರನ್ನು ಮೀರಿಸುವವರಿಲ್ಲ. ಅತ್ತಿಗೆ ಬಾಯಿ ತುಂಬ ನೀರು ತೆಗೆದುಕೊಂಡು, ಇಸ್ತ್ರಿಗೆ ಮುಂಚೆ ಅಂಗಿಗೆ ಚಿಮುಕಿಸುವ ಹಾಗೆ ಆ ಹಗ್ಗದ ಮೇಲೆ ಫೂ ಎಂದು ಸಿಂಪಡಿಸಿದಳು. ಯಜಮಾನರ ಮೂಗಿಗೂ ಎರಡು ಹನಿ ಬಿತ್ತು. ಅವರು ಒರೆಸಿಕೊಳ್ಳಲಿಲ್ಲ.

ಕಾದೆವು. ಕಡ್ಡಿ ಮೊದಲು ಸುಮ್ಮನಿತ್ತು. ಆಮೇಲೆ ನಡುವಿನಲ್ಲಿ ಚೂರು ಎದ್ದಿತು. ನೋಡುತ್ತಿದ್ದ ಹಾಗೆಯೇ ಬಿಲ್ಲಿನಂತೆ ಬಾಗಿತು.

“ಹತ್ತಿಯ ಹುರಿ ನೀರು ಕುಡಿದ್ರೆ ದಪ್ಪ ಆಗುತ್ತೆ,” ಎಂದಳು ಅತ್ತಿಗೆ. “ದಪ್ಪ ಆದಷ್ಟೂ ಗಿಡ್ಡ ಆಗುತ್ತೆ. ನಿನ್ನೆ ನನ್ನ ಕೊಕ್ಕೆ ಕಿತ್ತಿದ್ದು ಅದೇ. ಗೋಡೇನೇ ಕೀಳೋ ಹಗ್ಗಕ್ಕೆ ಈ ಕಡ್ಡಿಯಂಥ ತುದಿ ಯಾವ ಲೆಕ್ಕ? ಇನ್ನು ಒಂದೇ ಮಾತು ಉಳೀತು. ಐದು ಸುತ್ತಿನ ಸುರುಳಿ ಏಳಾಗಬೇಕಾದ್ರೆ ಯಾರೋ ಹಗ್ಗ ಎಳೆದು ಬಿಗಿದಿರಬೇಕು, ಎಳೆದಷ್ಟೂ ತುದಿ ಉದ್ದ ಉಳಿಯುತ್ತೆ. ಯಜಮಾನ್ರೇ, ನಿನ್ನೆ ಮಧ್ಯಾಹ್ನ ಏನ್ ಮಾಡ್ತಿದ್ರಿ?”

ಯಜಮಾನರು ಸ್ಟೂಲಿನ ಮೇಲೆ ಕುಳಿತರು. ಬುಧವಾರದ ಸೆಕೆಗೆ ಹಗ್ಗಗಳು ಜೋತುಬಿದ್ದಿದ್ದವಂತೆ. ಶನಿವಾರ ಕ್ಯಾಪ್ಟನ್ ಬಂದಾಗ ಹಾಗಿರಬಾರದೆಂದು, ನಾವೆಲ್ಲ ಊಟಕ್ಕೆ ಹೋದ ಹೊತ್ತಿನಲ್ಲಿ ಇಪ್ಪತ್ತಾರು ಹಗ್ಗಗಳನ್ನೂ ಬಿಚ್ಚಿ, ಎಳೆದು, ತಂತಿಯ ಹಾಗೆ ಬಿಗಿದು ಕಟ್ಟಿದ್ದರು. ಅದು ಅವರಿಗೆ ಹೇಳುವಂಥ ಸಂಗತಿಯೆಂದೇ ತೋರಿರಲಿಲ್ಲ. ದಿನದ ಕೆಲಸ.

“ಹಾಗಾದ್ರೆ ಕಂಬ ಮುರಿದಿದ್ದು ನೀವೇ,” ಎಂದಳು ಅತ್ತಿಗೆ, ಅಂಗಿ ಒಣಗಿದೆ ಎನ್ನುವಷ್ಟು ಸಲೀಸಾಗಿ. “ಬೇರೆ ಎರಡು ಕಂಬ ಗಿಡ್ಡ, ತಡ್ಕೊಂಡ್ವು. ಇದು ಎತ್ತರ, ತುದಿ ತೆಳು. ಮಳೆ ಬಂತು, ಕಿಟಕಿ ತೆರೆದಿತ್ತು. ಬೀಗದೊಳಗೆ ಯಾರೂ ಬರಬೇಕಾಗಿರಲಿಲ್ಲ.”

“ಮೂವತ್ತೊಂದು ವರ್ಷದಲ್ಲಿ ಒಂದ್ಸಲಾನೂ ಹೀಗೆ ಆಗಿಲ್ಲವಲ್ಲ?” ಎಂದರು ಅವರು. ಅದು ವಾದವಲ್ಲ, ನಿಜವಾದ ಪ್ರಶ್ನೆ.

ಅದಕ್ಕೆ ನಾನು ಬಾಯಿಬಿಡಬೇಕಾಯಿತು. ಬೇರೆಲ್ಲ ಹಡಗಿನ ಹಗ್ಗವನ್ನೂ ನಾನು ಮೇಣದುಂಡೆಯ ಮೇಲೆ ಎಳೆದೇ ಕೊಡುತ್ತಿದ್ದೆ. ಮೇಣ ಇದ್ದರೆ ತೇವ ಒಳಗೆ ಹೋಗದು. ಆದರೆ ಮೇಣ ತಾಗಿದರೆ ನೂಲು ಹಳದಿಯಾಗುತ್ತದೆ. ಕ್ಯಾಪ್ಟನ್ ಬಿಳಿ ಕೇಳಿದರೆಂದು ಯಜಮಾನರು ಈ ಸಲ ಮೇಣ ಬೇಡವೆಂದಿದ್ದರು. ಬೇಡವೆಂದಾಗ ಯಾಕೆಂದು ಕೇಳುವ ಅಭ್ಯಾಸ ನನಗಿಲ್ಲ. ಕೇಳಬೇಕಿತ್ತು.

ಯಜಮಾನರು ಬಾಗಿದ ಕಡ್ಡಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. ಮಗಳು ಅಪ್ಪನನ್ನೇ ನೋಡುತ್ತಿದ್ದಳು. ಅವಳು ಹೋಗುವುದೋ ಇರುವುದೋ ಆ ಮುಂದಿನ ಮಾತಿನಲ್ಲಿತ್ತು. ಅವರು ಎದ್ದು, ಹೊರಕೋಣೆಯ ಫೋನಿನ ಹತ್ತಿರ ಹೋದರು. ಬಾಗಿಲು ಮುಚ್ಚಲಿಲ್ಲ. ದನಿಯನ್ನೂ ತಗ್ಗಿಸಲಿಲ್ಲ.

“ಕ್ಯಾಪ್ಟನ್ನರೇ, ಶನಿವಾರ ಆಗಲ್ಲ. ನಡುಗಂಬ ಮುರಿದಿದೆ … ಯಾರಾ? ನಾನೇ. ಅಳಿಯ ಕೆತ್ತಿದ್ದು ಗಟ್ಟಿಯಾಗೇ ಇತ್ತು. ನಾನೇ ಎಳೆದು ಮುರಿದೆ. ಅವನ ಮೇಲೆ ಹೊರಿಸಿದ್ದೂ ನಾನೇ.”

ಆ ಕಡೆಯಿಂದ ಕ್ಯಾಪ್ಟನ್ ನಕ್ಕದ್ದು ನಮಗೂ ಕೇಳಿಸಿತು. ನಿಜವಾದ ಹಡಗಿನಲ್ಲೂ ಮಳೆಗೆ ಮುಂಚೆ ಹಗ್ಗ ಸಡಿಲಿಸದವನಿಗೆ ಬೈಗುಳ ತಪ್ಪಿದ್ದಲ್ಲವಂತೆ. ಬಣ್ಣ ಹಳದಿಯಾದರೂ ಚಿಂತೆಯಿಲ್ಲ, ಮೇಣ ಹಚ್ಚಿ ಎಂದರಂತೆ. ತಮ್ಮ ಮನೆ ಕಡಲಿನ ದಂಡೆಯಲ್ಲಿದೆ, ಹಗಲೂ ರಾತ್ರಿ ತೇವ. ಹಗ್ಗ ಗೊತ್ತಿರುವವರು ಯಾರಾದರೂ ಜೊತೆಗೆ ಬಂದು ಕೆಲವು ದಿನ ಇದ್ದು ಹದ ಮಾಡಿಕೊಡುವರೇ ಎಂದೂ ಕೇಳಿದರು.

“ಅಳಿಯ ಬರ್ತಾನೆ,” ಎಂದರು ಯಜಮಾನರು. “ಈ ಹಡಗಿನ ಹಗ್ಗ ಅವನೇ ಕಟ್ಟೋದು.”

ಅಳಿಯ ಚೀಲದಿಂದ ಸಣ್ಣ ಉಳಿಯನ್ನು ತೆಗೆದು ಹೊಸ ತುದಿ ಕೆತ್ತಲು ಕುಳಿತ. ಮಗಳು ಮಡಚಿದ ಹಾಯಿಯನ್ನು ಬಿಡಿಸಿದಳು.

ಮುಂದಿನ ಒಂಬತ್ತು ದಿನ ನಾನು ಮೇಣ ಹಚ್ಚಿದ ಹುರಿ ಕೊಟ್ಟೆ, ಅವನು ಕಟ್ಟಿದ. ಯಜಮಾನರು ಎದುರಿನ ಸ್ಟೂಲಿನಲ್ಲಿ ಕುಳಿತು ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡಿದ್ದರು. ನಾಲ್ಕನೆಯ ದಿನ ತಡೆಯಲಾರದೆ ಒಂದು ಗಂಟು ಸರಿಯಿಲ್ಲ ಎಂದರು. ಅಳಿಯ ಬಿಚ್ಚಿ ಮತ್ತೆ ಕಟ್ಟಿದ. ಮೊದಲಿನದೇ ಚೆನ್ನಾಗಿತ್ತು ಎಂದು ಅವರೇ ಒಪ್ಪಿಕೊಂಡರು. ಅತ್ತಿಗೆ ಬಂದಾಗೆಲ್ಲ ಹಗ್ಗ ಮೀಟಿ ನೋಡಿ, ಇನ್ನೂ ಚೂರು ಸಡಿಲ ಬಿಡಪ್ಪ ಎಂದು ಹೇಳಿ ಹೋಗುತ್ತಿದ್ದಳು. ಅಂಗಿಗಳ ಇಸ್ತ್ರಿಗೆ ಆ ವಾರ ಅವಳು ಯಜಮಾನರಿಂದ ಏನೂ ತೆಗೆದುಕೊಳ್ಳಲಿಲ್ಲ. ಫೋನಿನಲ್ಲಿ ಹೇಳಿದ ಮಾತಿನಲ್ಲೇ ಅದು ಸಂದಾಯವಾಯಿತಂತೆ.

ಹಡಗು ಹೊರಟದ್ದು ಎರಡನೆಯ ಭಾನುವಾರ ಬೆಳಿಗ್ಗೆ, ಕ್ಯಾಪ್ಟನ್ನರ ಕಾರಿನಲ್ಲಿ. ಹಿಂದಿನ ಸೀಟಿನಲ್ಲಿ ಅಳಿಯ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ, ಮಗಳು ಪಕ್ಕದಲ್ಲಿ. ಅವರಿಬ್ಬರೂ ಈ ಮನೆಗೇ ತಿರುಗಿ ಬಂದದ್ದು ಗುರುವಾರ.